ಯಾರದೋ ಮನೆಯ ಆಲ್ಬಮ್

ಭಾನುವಾರ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಮಿಕ್ಸಿ ಜಾರ್ ಹುಡುಕ್ಕೊಂಡು ಹೋಗಿದ್ದೆ. ಹಳೇ ಚಾರ್ಜರ್, ತುಕ್ಕು ಹಿಡಿದ ಸ್ಪ್ಯಾನರ್‌ಗಳ ಮಧ್ಯೆ ಒಂದು ಫೋಟೊ ಆಲ್ಬಮ್. ದಪ್ಪ ಕಪ್ಪು ಹಾಳೆ, ನಡುನಡುವೆ ಜೇಡರ ಬಲೆ ಡಿಸೈನಿನ ಬಟರ್ ಪೇಪರ್. ಲಾಲ್‌ಬಾಗಿನ ಗಾಜಿನ ಮನೆ ಮುಂದೆ ಏಳು ಜನ; ಕೊನೇ ಹುಡುಗ ಅಲ್ಲಾಡಿಬಿಟ್ಟು ಮುಖವೇ ಇಲ್ಲ. ಓರೆಯಾಗಿ ಹಿಡಿದರೆ ಅಂಚೆಲ್ಲ ಕನ್ನಡಿ ಥರ ಹೊಳೀತು. ಕಪ್ಪುಬಿಳುಪು ಪ್ರಿಂಟಿನೊಳಗಿನ ಬೆಳ್ಳಿ ವರ್ಷ ಕಳೆದಂತೆ ಹೀಗೆ ಮೇಲೆ ಬರುತ್ತೆ.

"ಎಷ್ಟಣ್ಣಾ?"

"ಪೂರ್ತಿ 800. ಬಿಡಿ ಆದ್ರೆ ಒಂದಕ್ಕೆ 50. ಕಾರು, ಸ್ಕೂಟರ್ ಇರೋದು 100."

ಅಜ್ಜಿಗಿಂತ ಲ್ಯಾಂಬ್ರೆಟಾ ಸ್ಕೂಟರ್‌ಗೆ ರೇಟು ಜಾಸ್ತಿ! ಸಂಗ್ರಹ ಮಾಡೋರಿಗೆ, ಕೆಫೆ ಗೋಡೆಗೆ ಹಾಕೋರಿಗೆ ಅದೇ ಬೇಕಂತೆ. ಆಗಲೇ ನಾಲ್ಕು ಜಾಗ ಖಾಲಿ, ಮೂಲೆಗೆ ಸಿಕ್ಕಿಸೋ ತ್ರಿಕೋನಗಳಷ್ಟೇ ಉಳಿದಿದ್ದವು. ಒಂದರ ಕೆಳಗೆ ಬಿಳಿ ಪೆನ್ಸಿಲಲ್ಲಿ 'ಸೀಮಂತದ ದಿನ, ಮಲ್ಲೇಶ್ವರ'. ಬಸುರಿ ಯಾವ ಕೆಫೆ ಸೇರಿದಳೋ.

ಚೌಕಾಸಿ ಮಾಡಿ 600ಕ್ಕೆ ಪೂರ್ತಿ ತಂದೆ. ಜಾರ್ ಮರೆತೇಹೋಯ್ತು. ಬೈತಾಳೆ ಅಂದ್ಕೊಂಡ್ರೆ ಅಮ್ಮ ಕನ್ನಡಕ ಏರಿಸ್ಕೊಂಡು "ಈ ಸೀರೆ ಅಂಚು ನೋಡೋ" ಅಂತ ಕೂತುಬಿಟ್ಟಳು. ನಮ್ಮ ಆಲ್ಬಮ್ ಅಟ್ಟದ ಮೇಲಿದೆ. ಅದರಲ್ಲಿ ಅರ್ಧ ಜನ ಯಾರು ಅಂತ ಅಮ್ಮನಿಗೆ ಮಾತ್ರ ಗೊತ್ತು.

ಬಿಳಿ ಪೆನ್ಸಿಲ್ ಈಗೆಲ್ಲಿ ಸಿಗುತ್ತೆ?