ನಂದಿ ತಪ್ಪಲಲ್ಲಿ ಮದುವೆ ಊಟ: ಇಲ್ಲಿವರೆಗೆ ಏನೇನಾಯ್ತು

ಆಗಸ್ಟ್

ಮೊದಲು ತೀರ್ಮಾನವಾಗಿದ್ದು ಊಟ. ದಿನ, ಜಾಗ, ಸೀರೆ ಎಲ್ಲ ಆಮೇಲೆ. ನಮ್ಮದು ಚಿಂತಾಮಣಿ ಕಡೆ, ಹುಡುಗನದು ಶಿರಸಿ ಕಡೆ. ಇಬ್ಬರೂ ಬೆಂಗಳೂರಲ್ಲಿ ಕೆಲಸದಲ್ಲಿದ್ದೇವೆ. ರಜೆ ಸಿಕ್ಕರೆ ಎಲ್ಲಿ ಏನು ತಿನ್ನಬಹುದು ಅಂತ ನೋಡಿಕೊಂಡೇ ಮನೆ ಬಿಡುವ ಜಾತಿ. ಬಂದವರು "ಊಟ ಚೆನ್ನಾಗಿತ್ತು" ಅಂದುಕೊಂಡು ಹೋದರೆ ಸಾಕು, ಸ್ಟೇಜ್ ಯಾವ ಬಣ್ಣದ್ದಿತ್ತು ಅಂತ ಯಾರಿಗೂ ನೆನಪಿರಬೇಕಿಲ್ಲ. ಇದು ನಮ್ಮಿಬ್ಬರ ಒಪ್ಪಂದ.

ಛತ್ರದ ಊಟದ ಮೇಲೆ ನನಗೊಂದು ಹಳೇ ಸಿಟ್ಟಿದೆ. ಅಡುಗೆ ಎಷ್ಟೋ ಸಲ ಚೆನ್ನಾಗೇ ಇರುತ್ತದೆ. ಆದರೆ ಸಾರನ್ನ ಕಲಸುವಷ್ಟರಲ್ಲಿ ಮುಂದಿನ ಪಂಕ್ತಿಯವರು ಬಂದು ಕುರ್ಚಿ ಹಿಡಿದು ನಿಂತಿರುತ್ತಾರೆ. ಮೊಸರು ಬರುವ ಮೊದಲೇ ಆ ತುದಿಯಿಂದ ಟೇಬಲ್ ಪೇಪರ್ ಸುತ್ತಿಕೊಂಡು ಬರುತ್ತಿರುತ್ತಾರೆ. ಮೆಜೆಸ್ಟಿಕ್ಕಿನಲ್ಲಿ ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ನಮ್ಮ ಮದುವೆಯಲ್ಲಿ ಒಂದೇ ಪಂಕ್ತಿ, ಎಲ್ಲರೂ ಒಟ್ಟಿಗೆ, ಯಾರೂ ಯಾರನ್ನೂ ಎಬ್ಬಿಸಬಾರದು. ಇಷ್ಟು ಬರೆದ ಮೇಲೆ ಲೆಕ್ಕ ತಾನಾಗೇ ಬಂತು: 130 ಜನ, ಅದಕ್ಕಿಂತ ಜಾಸ್ತಿ ಇಲ್ಲ. ಅಮ್ಮ ಆ ಸಂಖ್ಯೆ ನೋಡಿ ಎರಡು ದಿನ ಮಾತಾಡಲಿಲ್ಲ.

ಇಬ್ಬರೂ ಕೂತು ಬಿಡಲಾಗದ ತಿನಿಸುಗಳನ್ನು ಬರೆದೆವು. ನಮ್ಮ ಕಡೆಯಿಂದ ಹಿದಕಬೇಳೆ (ನೆನೆಸಿ ಸಿಪ್ಪೆ ಹಿದುಕಿ ತೆಗೆದ ಅವರೆಕಾಳು) ಸಾರು, ಮುದ್ದೆ, ನಾಟಿಕೋಳಿ ಸಾರು, ಕಾಯಿಹಾಲಿನ ಜೊತೆ ಹೋಳಿಗೆ. ಅವರ ಕಡೆಯಿಂದ ತಂಬುಳಿ, ಮಾವಿನಕಾಯಿಯ ತಿಳಿಸಾರಿನಂಥ ಅಪ್ಪೆಹುಳಿ, ಕಬ್ಬಿನಹಾಲಿನ ತೆಳ್ಳನೆ ಸಿಹಿ ತಿಂಡಿ ತೊಡದೇವು, ಬಿಸಿಬಿಸಿಯಾಗಿ. ಮದುವೆಯ ದಿನ ಆ ಹಾಳೆಯಿಂದಲೇ ಹೊರಟಿತು. ಒಳ್ಳೆ ಸೊಗಡವರೆ ಬರೋದು ಮಂಜು ಬೀಳುವ ಕಾಲದಲ್ಲಿ, ಡಿಸೆಂಬರಿನಿಂದ ಫೆಬ್ರುವರಿವರೆಗೆ. ತೊಡದೇವಿಗೆ ಹೊಸ ಕಬ್ಬಿನಹಾಲು ಬೇಕು, ಮಲೆನಾಡಿನಲ್ಲಿ ಆಲೆಮನೆ ಶುರುವಾಗೋದು ಸಂಕ್ರಾಂತಿಯ ಆಸುಪಾಸು. ಧನುರ್ಮಾಸದಲ್ಲಿ ಹೇಗೂ ಮುಹೂರ್ತ ಇಲ್ಲ. ಉಳಿದಿದ್ದು ಫೆಬ್ರುವರಿ ಮೊದಲ ಭಾಗ. ಜೋಯಿಸರು ಪಂಚಾಂಗ ನೋಡಿ ಅಲ್ಲೇ ಒಂದು ಭಾನುವಾರ ಕೊಟ್ಟರು. ಅವರೆಕಾಯಿಯೂ ಪಂಚಾಂಗವೂ ಒಪ್ಪಿಕೊಂಡಿದ್ದು ನಮ್ಮ ಪುಣ್ಯ.

ಸೆಪ್ಟೆಂಬರ್ ಕೊನೆ

ಊಟವನ್ನು ವೈನರಿಯಲ್ಲಿ, ಅಂದರೆ ದ್ರಾಕ್ಷಿಯಿಂದ ವೈನ್ ಮಾಡುವ ಕಡೆ, ಇಟ್ಟುಕೊಳ್ಳುವ ಯೋಚನೆ ಬಂದಿದ್ದು ಹುಡುಗನಿಗೆ. ನಂದಿ ಬೆಟ್ಟದ ಸುತ್ತ 1980ರ ದಶಕದ ಕೊನೆಯಿಂದಲೇ ಫ್ರಾನ್ಸಿನ ತಳಿಗಳನ್ನು ಬೆಳೆಸುತ್ತಿದ್ದಾರೆ, ವೈನ್ ಮಾಡುವ ಗ್ರೋವರ್ ಅವರ ತೋಟ ದೊಡ್ಡಬಳ್ಳಾಪುರದ ಹತ್ತಿರ ಶುರುವಾದ ಕಾಲದಿಂದ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಾರಸ ನೀತಿ ತಂದ ಮೇಲೆ ಸಣ್ಣಪುಟ್ಟ ವೈನರಿಗಳೂ ಬಂದವು. ನಾವು ನೋಡಿದ ಒಂದೆರಡರಲ್ಲಿ ಮದುವೆ ಅಂದರೆ ಅವರ ಕಣ್ಣಿಗೆ ಬರೋದು ಡ್ರೋನ್, ಹೊಗೆ ಬಿಡುವ ಮೆಷಿನ್, ಲೈಟಿನ ಕಮಾನು. ಬೇಡ ಅಂತ ಹೊರಟೆವು. ಕೊನೆಗೆ ಒಪ್ಪಿದ್ದು ತಪ್ಪಲಿನ ಒಂದು ಚಿಕ್ಕ ವೈನರಿ. ಎರಡು ದೊಡ್ಡ ಮಾವಿನ ಮರ, ಅದರ ಕೆಳಗೆ ಹುಲ್ಲುಹಾಸು, ಹಿಂದೆ ತೋಟ.

ನಾವು ಹೋದಾಗ ಬಳ್ಳಿ ಸವರುವ ಕೆಲಸ ನಡೆಯುತ್ತಿತ್ತು. ಬರೀ ಕಡ್ಡಿ. ಇಲ್ಲೇನು ಫೋಟೋ ಬರುತ್ತೆ ಅಂತ ನನ್ನ ತಂಗಿ ಮುಖ ಸಿಂಡರಿಸಿದಳು. ತೋಟ ನೋಡಿಕೊಳ್ಳುವವರು ವಿವರಿಸಿದರು. ಚಳಿದೇಶಗಳಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಸವರುತ್ತಾರೆ. ಬೇಸಿಗೆಯಲ್ಲಿ ಒಮ್ಮೆ ಕಡ್ಡಿ ಬೆಳೆಸೋಕೆ, ಮಳೆ ಇಳಿಯುವ ಹೊತ್ತಿಗೆ ಇನ್ನೊಮ್ಮೆ ಹಣ್ಣಿಗೆ. ಬೆಳೆ ಮಾತ್ರ ಒಂದೇ. ಈಗ ಸವರಿದ್ದಕ್ಕೆ ಫೆಬ್ರುವರಿಯಲ್ಲಿ ಗೊಂಚಲು ಬಣ್ಣ ತಿರುಗಿ ತುಂಬಿರುತ್ತದೆ, ಹಕ್ಕಿಗೆ ಬಲೆಯೂ ಹಾಕಿರುತ್ತಾರೆ. ಆದರೆ ಅದೇ ಅವರ ಕೊಯ್ಲಿನ ಸಮಯ. ನಮಗೆ ಸಂಜೆ ಕೊಡಬಹುದು, ಬೆಳಗ್ಗೆ ಸಾಧ್ಯವಿಲ್ಲ ಅಂದರು. ಬಿಳಿ ವೈನಿನ ಹಣ್ಣನ್ನು ತಂಪು ಹೊತ್ತಲ್ಲೇ ಕೀಳಬೇಕಂತೆ, ಆಗ ಹಾದಿಯಲ್ಲಿ ನೆಂಟರು ಓಡಾಡಿದರೆ ಆಗದು.

ನಮಗೂ ಅದೇ ಬೇಕಿತ್ತು. ಬೆಳಗ್ಗೆ ಊರಲ್ಲಿ, ಮನೆ ಮುಂದೆ ಚಪ್ಪರ ಹಾಕಿ ಮುಹೂರ್ತ. ಸಂಜೆ ಇಲ್ಲಿ ಊಟ. ಎರಡು ಬೇರೆ ಬೇರೆ ಆದಾಗ ಹಿರಿಯರಿಗೂ ಒಂದು ದಾರಿ ಸಿಕ್ಕಿತು. ಬೇಡ ಅಂದವರು ಬೆಳಗ್ಗೆ ಅಕ್ಷತೆ ಹಾಕಿ, ಸಿಹಿಯೂಟ ಮುಗಿಸಿ ಮನೆಯಲ್ಲೇ ಉಳಿಯಬಹುದು.

ಅಕ್ಟೋಬರ್

ಜಗಳದ ತಿಂಗಳು. ದೊಡ್ಡಪ್ಪ ಫೋನಲ್ಲಿ, "ಅದೇನಮ್ಮಾ, ಹೆಂಡದ ಫ್ಯಾಕ್ಟ್ರೀಲಿ ಮದುವೆ ಊಟಾನಾ?" ಅಂದರು. ಅವರೇ ಇಪ್ಪತ್ತು ವರ್ಷಕ್ಕೂ ಜಾಸ್ತಿ ದ್ರಾಕ್ಷಿ ಬೆಳೆದವರು, ಬೆಂಗಳೂರು ನೀಲಿ ಅನ್ನುವ ತಳಿ. ಫೋನಲ್ಲಿ ವಾದ ಮಾಡೋದು ಬಿಟ್ಟು ಕರೆದುಕೊಂಡೇ ಹೋದೆ.

ಗೇಟಿನೊಳಗೆ ಕಾಲಿಟ್ಟವರು ಕಟ್ಟಡದ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ತೋಟಕ್ಕೆ. "ಚಪ್ಪರ ಇಲ್ದೆ ದ್ರಾಕ್ಷಿನಾ?" ನಮ್ಮ ಕಡೆ ಕಲ್ಲಿನ ಕಂಬ ನೆಟ್ಟು ಮೇಲೆ ತಂತಿಯ ಚಪ್ಪರ ಎಳೆದು ಅದರ ಮೇಲೆ ಬಳ್ಳಿ ಹಬ್ಬಿಸುತ್ತಾರೆ, ಕೆಳಗೆ ನೆರಳಲ್ಲಿ ನಡೆಯಬಹುದು. ಇಲ್ಲಿ ಬೇಲಿಯ ಹಾಗೆ ಸಾಲುಸಾಲು ತಂತಿ, ಬಳ್ಳಿ ನೆಟ್ಟಗೆ ನಿಂತಿದೆ. ಬಿಸಿಲು, ಗಾಳಿ ಗೊಂಚಲಿಗೆ ಚೆನ್ನಾಗಿ ತಾಗಲಿ ಅಂತ. ಬಳ್ಳಿಗೆ ಗೊಂಚಲನ್ನೂ ಬೇಕಂತಲೇ ಕಮ್ಮಿ ಬಿಡುತ್ತಾರೆ, ರುಚಿ ಗಟ್ಟಿಯಾಗಲಿ ಅಂತ. ಗೊಂಚಲು ಕಿತ್ತು ಬಿಸಾಡ್ತಾರೆ ಅಂದಾಗ ದೊಡ್ಡಪ್ಪನ ಮುಖ ನೋಡಬೇಕಿತ್ತು! ಅಲ್ಲಿಂದ ಮುಂದೆ ಔಷಧಿ, ಬೂದಿರೋಗ, ಹನಿ ನೀರಾವರಿ ಅಂತ ಮಾತು ಎಲ್ಲೆಲ್ಲೋ ಹೋಯಿತು. ವಾಪಸ್ ಬರುವಾಗ ಕಾರಲ್ಲಿ, "ಒಳ್ಳೆ ರೈತರು ಕಣಮ್ಮ ಅವರು" ಅಂದರು. ಮದುವೆ ಬಗ್ಗೆ ಆಮೇಲೆ ಒಂದು ಮಾತೂ ಇಲ್ಲ. ಅದನ್ನು ಒಪ್ಪಿಗೆ ಅಂತಲೇ ಇಟ್ಟುಕೊಂಡಿದ್ದೇನೆ.

ಶಿರಸಿಯಲ್ಲಿ ತಕರಾರು ಬೇರೆ. ಅತ್ತೆಗೆ ವೈನಿನ ಬಗ್ಗೆ ತಲೆಬಿಸಿ ಇಲ್ಲ. ಕೋಳಿ ಬಗ್ಗೆ ಇದೆ. "ಒಂದೇ ಕಡೆ ಬೇಯಿಸೂದಲ್ಲ ಅಲ್ದ?" ಅಂತ ಮೆತ್ತಗೆ ಕೇಳಿದರು. ಸಸ್ಯಾಹಾರದ ಅಡುಗೆಮನೆ ಒಂದು ಮೂಲೆ, ನಾಟಿಕೋಳಿ ಅದರ ಎದುರು ಮೂಲೆ. ಪಾತ್ರೆ ಬೇರೆ, ಬಡಿಸುವವರೂ ಬೇರೆ. ಪೂರ್ತಿ ಸಸ್ಯಾಹಾರ ಮಾಡಿದ್ದರೆ ಸುಲಭವಾಗುತ್ತಿತ್ತು, ನಿಜ. ಆದರೆ ನಾಟಿಕೋಳಿ ಸಾರು ಇಲ್ಲದೆ ನಮ್ಮ ಮಾವಂದಿರು ಅದನ್ನು ಮದುವೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನವೆಂಬರ್

ಇಡೀ ಯೋಜನೆಯಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಕೆಲಸ ಇದು: ನಮ್ಮ ಊಟಕ್ಕೆ ಯಾವ ವೈನ್ ಹೊಂದುತ್ತದೆ ಅಂತ ನೋಡುವುದು. ವೈನರಿಯವರು ತಮ್ಮ ಮೆನು ಕೊಟ್ಟಿದ್ದರು. ಚೀಸ್ ತಟ್ಟೆ, ಪಾಸ್ತಾ, ಪಿಜ್ಜಾ. ಅವು ಅವರ ವೈನಿಗೆ ಹೊಂದುತ್ತವೆ, ನಮಗೆ ಹೊಂದುವುದಿಲ್ಲ. ನಾನು ಮನೆಯಲ್ಲಿ ಅಡುಗೆ ಮಾಡಿ ಡಬ್ಬಿಗಳಲ್ಲಿ ತುಂಬಿಕೊಂಡು ಹೋದೆ. ವೈನ್ ತಯಾರಿಸುವವರು ಬಾಟಲಿ ತೆಗೆದರು. ಆಮೇಲೆ ಡಬ್ಬಿ ನೆಕ್ಕಿದ್ದೂ ಅವರೇ.

ಸೌತೆಕಾಯಿ, ಹೆಸರುಬೇಳೆ ಕೋಸಂಬರಿಗೆ ಸೋವಿನ್ಯೊ ಬ್ಲಾಂಕ್ ಅನ್ನುವ ಬಿಳಿ ವೈನ್. ನಿಂಬೆ, ಕೊತ್ತಂಬರಿಸೊಪ್ಪು, ಹಸಿ ತೆಂಗಿನಕಾಯಿ ಎಲ್ಲಕ್ಕೂ ಅದರ ಹುಳಿ, ಹಸಿರು ವಾಸನೆ ಸರಿಹೋಯಿತು. ಇದರಲ್ಲಿ ಯಾರಿಗೂ ಎರಡು ಮಾತಿಲ್ಲ.

ಹಿದಕಬೇಳೆ ಸಾರಿಗೆ ಎಲ್ಲರೂ ಮೊದಲು ಕೈ ಹಾಕಿದ್ದು ಕೆಂಪು ವೈನಿಗೆ. ಚಕ್ಕೆ, ಲವಂಗ, ಬೆಳ್ಳುಳ್ಳಿ ಇದೆಯಲ್ಲ, ಹೊಂದುತ್ತೆ ಅನ್ನಿಸುತ್ತದೆ. ಬಾಯಿಗೆ ಹಾಕಿದರೆ ಕಹಿ. ಕೆಂಪು ವೈನಿನ ಒಗರು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವಂಥದ್ದು. ಹಸಿಮೆಣಸಿನಕಾಯಿ ಖಾರದ ಜೊತೆ ಸೇರಿದರೆ ಒಗರೂ ಜಾಸ್ತಿ, ಉರಿಯೂ ಜಾಸ್ತಿ. ಆಲ್ಕೋಹಾಲ್ ಹೆಚ್ಚಿದ್ದಷ್ಟೂ ಖಾರ ಇನ್ನೂ ಏರುತ್ತದೆ. ಶೆನಿನ್ ಬ್ಲಾಂಕ್ ತೆಗೆದು ನೋಡಿದೆವು, ಅದೂ ಬಿಳಿ ವೈನ್, ಸ್ವಲ್ಪ ಸಿಹಿ ಉಳಿಸಿ ಮಾಡಿದ್ದು. ಆ ಸಿಹಿ ಖಾರವನ್ನು ಹಿಡಿದು ಕೂರಿಸಿತು, ಅವರೆಯ ಸೊಗಡು ಮೇಲೆ ಬಂತು. ಆ ಗುಟುಕಿಗೆ ನಾನು ಮೇಜು ಗುದ್ದಿದೆ.

ನಾಟಿಕೋಳಿಗೆ ಶಿರಾಜ್ ಅನ್ನುವ ಕೆಂಪು ವೈನ್, ಆದರೆ ಒಂದು ಷರತ್ತಿನ ಮೇಲೆ. ಸಾರಿನಲ್ಲಿ ಒಣಮೆಣಸಿನಕಾಯಿ ಕಮ್ಮಿ ಮಾಡಿ ಕಾಳುಮೆಣಸು ಹೆಚ್ಚು ಮಾಡಬೇಕು. ಶಿರಾಜ್‌ನಲ್ಲೇ ಒಂದು ಥರ ಮೆಣಸಿನ ಘಾಟಿದೆ, ಎರಡೂ ಕೂಡಿಕೊಳ್ಳುತ್ತವೆ. ಕಾಳುಮೆಣಸು ಶಿರಸಿ ಮನೆಯ ತೋಟದ್ದೇ ಬರುತ್ತದೆ. ಅತ್ತೆ ಕಡೆಯವರು ಕೋಳಿ ಸಾರಿಗೆ ಕೊಡುತ್ತಿರುವ ಕಾಣಿಕೆ ಅದು, ಅವರಿಗೆ ಇನ್ನೂ ಹೇಳಿಲ್ಲ.

ಅಪ್ಪೆಹುಳಿಗೆ ಯಾವ ವೈನೂ ನಿಲ್ಲಲಿಲ್ಲ. ಆ ಹುಳಿಯ ಮುಂದೆ ಎಲ್ಲವೂ ಸಪ್ಪೆ. ಹಾಗಾದರೆ ಅಪ್ಪೆಹುಳಿಯನ್ನು ಬಿಡೋದಾ? ಸಾಧ್ಯವೇ ಇಲ್ಲ. ಆ ಹೊತ್ತಲ್ಲಿ ಲೋಟ ಪಕ್ಕಕ್ಕಿಟ್ಟು ಅಪ್ಪೆಹುಳಿ ಕುಡಿಯಲಿ. ಊಟಕ್ಕೆ ವೈನ್ ಹೊಂದಿಕೊಳ್ಳಬೇಕು, ವೈನಿಗಾಗಿ ಎಲೆ ಮೇಲಿನ ಒಂದು ಪದಾರ್ಥವನ್ನೂ ತೆಗೆಯುವುದಿಲ್ಲ.

ಹೋಳಿಗೆಗೆ ಸಿಹಿ ವೈನೇ ಬೇಕು. ವೈನಿಗಿಂತ ತಿಂಡಿ ಸಿಹಿಯಾಗಿದ್ದರೆ ವೈನ್ ಹುಳಿಹುಳಿ ಅನ್ನಿಸುತ್ತದೆ. ಚಿಕ್ಕ ಲೋಟದಲ್ಲಿ ಒಂದೊಂದು ಗುಟುಕು ಸಾಕು.

ಕುಡಿಯದವರನ್ನು ಮರೆಯುವ ಹಾಗಿಲ್ಲ, ಅರ್ಧಕ್ಕಿಂತ ಜಾಸ್ತಿ ಜನ ಅವರೇ. ಇಂಥ ಕಡೆ ಅವರ ಕೈಗೆ ಒಂದು ಬಾಟಲಿ ಕೋಲಾ ಕೊಟ್ಟು ಕೂರಿಸುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ನಮ್ಮಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯ ರಸ, ಕಬ್ಬಿನಹಾಲು, ಶುಂಠಿ ಹಾಕಿದ ಮಜ್ಜಿಗೆ ಇರುತ್ತದೆ. ಬೆಂಗಳೂರು ನೀಲಿಗೆ ದಪ್ಪ ಸಿಪ್ಪೆ, ಜೋರು ಪರಿಮಳ. ಫ್ರಾನ್ಸಿನ ತಳಿಗಳ ಪಕ್ಕ ಅದನ್ನು ಯಾರೂ ಮೇಲಕ್ಕೆ ಕೂರಿಸುವುದಿಲ್ಲ, ಆದರೆ ರಸಕ್ಕೆ ಅದನ್ನು ಮೀರಿದ್ದು ನಾನು ಕುಡಿದಿಲ್ಲ. ಹಣ್ಣು ದೊಡ್ಡಪ್ಪನ ತೋಟದ್ದು, ದುಡ್ಡು ತಗೊಳ್ಳಲ್ಲವಂತೆ.

ಡಿಸೆಂಬರ್

ಕಾಗದಪತ್ರದ ಕೆಲಸ. ಬೇಗ ಹೇಳಿಬಿಡುತ್ತೇನೆ. ಹುಲ್ಲುಹಾಸಿನ ಮೇಲೆ ವೈನ್ ಕೊಡಲು ಅಬಕಾರಿ ಇಲಾಖೆಯಿಂದ ಆ ಒಂದು ದಿನಕ್ಕೆ ಸಿಎಲ್-5 ಲೈಸೆನ್ಸ್ ತೆಗೆಯಬೇಕು. ವೈನರಿಯವರೇ ಅರ್ಜಿ ಹಾಕಿಸುತ್ತಿದ್ದಾರೆ. ರಾತ್ರಿ 10ಕ್ಕೆ ಮೈಕ್ ಬಂದ್, ಅದು ಕಾನೂನು. ನಮಗೆ ಡಿಜೆ ಇಲ್ಲದ್ದರಿಂದ ಚಿಂತೆಯೂ ಇಲ್ಲ. ಊಟವಾದ ಮೇಲೆ ಶಿರಸಿ ಕಡೆಯ ಬಳಗ ಸ್ವಲ್ಪ ಹೊತ್ತು ತಾಳಮದ್ದಳೆ, ಅಂದರೆ ಕುಣಿತವಿಲ್ಲದ ಯಕ್ಷಗಾನ, ಮಾಡುತ್ತದೆ, ಯಾವುದಾದರೂ ಕಲ್ಯಾಣದ ಪ್ರಸಂಗ. ವೇಷ ಇಲ್ಲ, ಸ್ಟೇಜ್ ಇಲ್ಲ, ಕೂತು ಹಾಡು, ಮಾತು ಅಷ್ಟೇ. ನಮ್ಮ ಚಿಂತಾಮಣಿಯವರು ಮೊದಲ ಸಲ ಕೇಳುತ್ತಾರೆ, ಏನನ್ನುತ್ತಾರೋ ನೋಡಬೇಕು.

ಬಾಟಲಿ ಲೆಕ್ಕ: ಕುಡಿಯುವವರು ಸುಮಾರು 60. ತಲೆಗೆ ಮೂರು ಲೋಟ, ಅಂದರೆ 180. 750 ಮಿಲಿ ಬಾಟಲಿಯಲ್ಲಿ 150 ಮಿಲಿಯಂತೆ ಐದು ಲೋಟ. 36 ಬಾಟಲಿ ಆಯಿತು, ಕಮ್ಮಿ ಬೀಳದಿರಲಿ ಅಂತ 40. ಅದರಲ್ಲಿ 26 ಬಿಳಿ, 14 ಕೆಂಪು. ಉಳಿದದ್ದನ್ನು ತೆರೆಯದಿದ್ದರೆ ವಾಪಸ್ ಪಡೆಯುತ್ತಾರೆ. ಹೋಳಿಗೆಯ ಸಿಹಿ ವೈನ್ ಈ ಲೆಕ್ಕದ ಹೊರಗೆ.

ಹೋಗಿ ಬರುವುದಕ್ಕೆ ಬೆಂಗಳೂರಿಂದಲೂ ಚಿಂತಾಮಣಿಯಿಂದಲೂ ಟಿಟಿ (ಟೆಂಪೋ ಟ್ರಾವೆಲರ್), ಮಿನಿ ಬಸ್ ಮಾಡಿದ್ದೇವೆ. ಗಾಡಿ ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ 100 ಮಿಲಿಗೆ 30 ಮಿಲಿಗ್ರಾಂ ದಾಟಿದರೆ ಕೇಸು, ಎರಡು ಲೋಟಕ್ಕೇ ಅಲ್ಲಿಗೆ ಮುಟ್ಟಬಹುದು. ಸ್ವಂತ ಕಾರು ತರಬೇಡಿ ಅಂತ ಲಗ್ನಪತ್ರಿಕೆಯಲ್ಲೇ ಅಚ್ಚು ಹಾಕಿಸಿದ್ದೇವೆ. ಅಪ್ಪನಿಗೆ ಆ ಸಾಲು ಇಷ್ಟವಿಲ್ಲ. ಇರಲಿ.

ಜನವರಿ, ಸಂಕ್ರಾಂತಿ ಆದ ಮೇಲೆ

ಸಂಜೆಯ ವೇಳೆ ಹೀಗೆ ಕೂತಿದೆ. ನಾಲ್ಕೂವರೆಗೆ ಬಸ್ ಬರುತ್ತದೆ, ಕೈಗೆ ಕಬ್ಬಿನಹಾಲು, ಅವರೆಬೇಳೆ ಮಿಕ್ಸ್ಚರ್. ಬೆಳಕಿರುವಾಗ ತೋಟದಲ್ಲಿ ಓಡಾಟ. ಆರೂವರೆಯಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ, ಆಗ ಎಲೆ ಹಾಕುವುದು. ಏಳಕ್ಕೆ ಶುರುವಾದ ಊಟ ಒಂಬತ್ತಕ್ಕೆ ಮುಗಿಯಲಿ. ಎರಡು ಗಂಟೆ ಎಲೆ ಮುಂದೆ ಕೂತರೆ ಜನ ಬೇಜಾರು ಪಟ್ಟುಕೊಳ್ಳುತ್ತಾರೆ ಅಂತ ಅಡುಗೆ ಭಟ್ಟರ ವಾದ. ಒಂದೊಂದೇ ಬಡಿಸಿ, ಮಧ್ಯೆ ಬಿಡುವು ಕೊಡಿ, ಎದ್ದು ಹೋಗಿ ತೊಡದೇವು ಬಿಸಿ ಇರುವಾಗ ತಿಂದು ಬಂದು ಮತ್ತೆ ಕೂರಲಿ ಅಂದೆ. "ಎಲೆ ಬಿಟ್ಟು ಏಳೋದಾ!" ಅಂತ ಗಾಬರಿಯಾದರು. ಕೊನೆಗೆ ರಾಜಿ: ತೊಡದೇವು ಊಟಕ್ಕೆ ಮೊದಲೇ. ಬೋರಲು ಹಾಕಿದ ಮಡಕೆಯ ಕೆಳಗೆ ಬೆಂಕಿ, ತೆಳ್ಳನೆ ಹಿಟ್ಟಲ್ಲಿ ಅದ್ದಿದ ಬಟ್ಟೆಯನ್ನು ಮಡಕೆ ಮೇಲೆ ಎಳೆದರೆ ಕಾಗದದಂಥ ಪದರ ಏಳುತ್ತದೆ. ಇದನ್ನು ನೋಡೋಕೇ ಜನ ಸುತ್ತ ನಿಲ್ಲುತ್ತಾರೆ. ಸೌದೆ ಒಲೆ ವೈನ್ ಟ್ಯಾಂಕಿನ ಕಟ್ಟಡದಿಂದ ದೂರ ಇರಬೇಕು ಅಂತ ವೈನರಿಯ ಷರತ್ತು. ಗಾಳಿ ಯಾವ ಕಡೆಗೆ ಬೀಸುತ್ತೆ ಅಂತ ನೋಡಿ ಮಾವಿನ ಮರದ ಆಚೆ ಜಾಗ ಗುರುತು ಮಾಡಿದ್ದೇವೆ.

ಸಂಗೀತ್, ಮೆಹಂದಿ ಎರಡೂ ಕೈಬಿಟ್ಟಾಯಿತು. ಹಿಂದಿನ ದಿನ ಅವರೆ ಹಿದುಕುವ ಕಾರ್ಯಕ್ರಮ. ಅದರ ಹಿಂದಿನ ರಾತ್ರಿಯೇ ಕಾಳು ನೆನೆಹಾಕಬೇಕು. ಹತ್ತು ಕಿಲೋ ಬೇಳೆಗೆ ಮೂಟೆಗಟ್ಟಲೆ ಕಾಯಿ ಸುಲಿಯಬೇಕು, ಮನೆ ತುಂಬ ಕೈ ಬೇಕು. ಶಿರಸಿಯ ನೆಂಟರು ಅವತ್ತೇ ಬರುತ್ತಾರೆ, ಸುಮ್ನೆ ಕೂರಿಸಿ ಕಾಫಿ ಕೊಡುವ ಬದಲು ಒಂದೊಂದು ಬುಟ್ಟಿ ಮುಂದಿಡೋಣ ಅಂತ ಅಜ್ಜಿ. ಮದುವೆಗೆ ಮೊದಲೇ ಬೀಗರ ಕೈಲಿ ಕೆಲಸ ಮಾಡಿಸೋದಾ ಅಂತ ಅಮ್ಮ. ಅತ್ತೆಗೆ ಫೋನ್ ಮಾಡಿ ಕೇಳಿದೆ. ಅವರೂ ನಾಲ್ಕು ಜನ ಓರಗಿತ್ತಿಯರೂ ಈಗಲೇ ತಯಾರಂತೆ.

ಬಾಕಿ ಇರುವುದು ಇಷ್ಟು. ಎಲೆ ಚಿಂತಾಮಣಿ ಸಂತೆಯಿಂದಲೋ ಬೆಂಗಳೂರು ಮಾರ್ಕೆಟ್ಟಿಂದಲೋ ತೀರ್ಮಾನವಾಗಿಲ್ಲ. ಸೂರ್ಯ ಮುಳುಗಿದ ಮೇಲೆ ತಪ್ಪಲಲ್ಲಿ ಚಳಿ ಕಚ್ಚುತ್ತದೆ, ಹಿರಿಯರಿಗೆ ಕೊಡಲು ಶಾಲು ಹೊಂದಿಸಬೇಕು. ಬಿಳಿ ವೈನಿಗೆ ಐಸ್ ಬಾಕ್ಸ್ ಸಾಲದು, ಇನ್ನೂ ಎರಡು ಬೇಕು. ಸಿಎಲ್-5 ಕೈಗೆ ಬಂದಿಲ್ಲ. ಮುದ್ದೆ ತಿರುವಲು ಊರಿಂದ ಬರುವ ಇಬ್ಬರಲ್ಲಿ ಒಬ್ಬರಿಗೆ ಅದೇ ದಿನ ಬೇರೆ ಮದುವೆ ಇದೆಯಂತೆ. 130 ಜನಕ್ಕೆ ಒಬ್ಬರೇ ತಿರುವೋದು ಆಗದ ಮಾತು. ನಾಳೆ ಬೆಳಗ್ಗೆ ದೊಡ್ಡಪ್ಪನಿಗೆ ಫೋನ್ ಮಾಡಬೇಕು.