ಅವರಿಗೆ ಹಲಗಿ, ನಮಗ ನಂಬರು

ಕಿಂಗ್‌ಸ್ಟನ್‌ನಲ್ಲಿ ಫೆರಿ ಇಳಿದು ಸ್ವಲ್ಪ ದೂರ ಹೋದರೆ ಪೋರ್ಟ್ ಗ್ಯಾಂಬಲ್. ಅಮೆರಿಕದ ಸಿಯಾಟಲ್ ಕಡೆಯ ನಮ್ಮ ಮಂದಿ ಊರಿಂದ ಬಂದ ಅವ್ವ-ಅಪ್ಪನನ್ನು ನಿಲ್ಲಿಸಿ ಫೋಟೋ ತೆಗೆಯುವ ಜಾಗ. ಬಿಳಿ ಬಣ್ಣದ ಕಟ್ಟಿಗೆ ಮನೆಗಳು, ಮೊನಚು ಗೋಪುರದ ಚರ್ಚು, ಸಾಲುಮರ, ಎದುರಿಗೆ ಕೊಲ್ಲಿ. ನೋಡಿದರೆ ವಾಷಿಂಗ್ಟನ್ ರಾಜ್ಯ ಅನ್ನಿಸುವುದಿಲ್ಲ. ಕಟ್ಟಿದವರ ಮನಸ್ಸು ಬೇರೆ ಕಡೆ ಇತ್ತು.

1849ರಲ್ಲಿ ಚಿನ್ನದ ಆಸೆಗೆ ಮಂದಿ ಮುಗಿಬಿದ್ದು ಸ್ಯಾನ್ ಫ್ರಾನ್ಸಿಸ್ಕೊ ಬೆಳೆಯುತ್ತಿದ್ದಾಗ ಅಲ್ಲಿ ಹಲಗೆಗೆ ಎಲ್ಲಿಲ್ಲದ ಬೇಡಿಕೆ. ಪೂರ್ವದ ಮೇನ್ ರಾಜ್ಯದ ಈಸ್ಟ್ ಮಚಾಯಸ್ ಎಂಬ ಊರಿನ ಪೋಪ್ ಮತ್ತು ಟಾಲ್ಬಟ್ ಮನೆತನದವರು ಆ ವ್ಯಾಪಾರ ಹಿಡಿದರು. 1853ರಲ್ಲಿ ಕಟ್ಟಿಗೆ ಹುಡುಕುತ್ತ ಉತ್ತರಕ್ಕೆ ಬಂದಾಗ ಈ ಕೊಲ್ಲಿ ಕಂಡಿತು: ದಂಡೆತನಕ ಬೆಳೆದ ಫರ್ ಕಾಡು, ಹಡಗು ನಿಲ್ಲುವಷ್ಟು ನೀರು. ಇಲ್ಲೇ ಮರ ಕೊಯ್ಯುವ ಮಿಲ್ಲು ಹಾಕಿದರು. ಅದರ ಯಂತ್ರಗಳು ಪೂರ್ವ ದಂಡೆಯಿಂದ ಹಡಗೇರಿ, ದಕ್ಷಿಣ ಅಮೆರಿಕದ ತುದಿ ಸುತ್ತಿ ಬಂದವು. ಕೆಲಸಕ್ಕೂ ಈಸ್ಟ್ ಮಚಾಯಸ್‌ನ ಮಂದಿಯೇ ಬಂದರು. ಕಂಪನಿ ಅವರ ಊರಿನ ಮಾದರಿಯಲ್ಲೇ ಇಲ್ಲೊಂದು ಊರು ಕಟ್ಟಿತು. 1879ರ ಚರ್ಚು ಅಲ್ಲಿಯ ಚರ್ಚಿನ ಪಡಿಯಚ್ಚು. ಮನೆ, ಅಂಗಡಿ, ಎಲ್ಲ ಕಂಪನಿಯದು. 142 ವರ್ಷ ಮರ ಕೊಯ್ದ ಮಿಲ್ಲು 1995ರಲ್ಲಿ ನಿಂತಿತು. ಮಿಲ್ಲು ಈಗಿಲ್ಲ, ಊರು ಮಾತ್ರ ಹಾಗೇ ಇದೆ.

ಮಿಲ್ಲು ನಿಂತ ಜಾಗದಲ್ಲಿ ಮೊದಲು ಎಸ್‌ಕ್ಲಾಲಮ್ ಎಂಬ ಮೂಲನಿವಾಸಿ ಬುಡಕಟ್ಟಿನ ಜನರ ಊರಿತ್ತು. ಕಂಪನಿಯವರು ಅವರಿಗೆ ಕೊಲ್ಲಿಯ ಆಚೆ ದಂಡೆಗೆ ಹೋಗಿರಿ ಅಂದರು, ಮನೆ ಕಟ್ಟಿಕೊಳ್ಳಲು ಹಲಗೆ ಕೊಟ್ಟರು. ಆಮೇಲೆ ಅದೇ ಜನ ದೋಣಿಯಲ್ಲಿ ಈಚೆ ಬಂದು ಮಿಲ್ಲಿನಲ್ಲಿ ದುಡಿದರು. 1855ರ ಒಪ್ಪಂದದಲ್ಲಿ ಸರ್ಕಾರ ಇವರನ್ನು ಬೇರೆ ಬುಡಕಟ್ಟಿನವರ ಜೊತೆ ದೂರದ ಇನ್ನೊಂದು ಜಾಗಕ್ಕೆ ಬರೆದುಬಿಟ್ಟಿತ್ತು. ಇವರು ಕೊಲ್ಲಿಯನ್ನು ಬಿಟ್ಟು ಹೋಗಲಿಲ್ಲ. ಆಚೆ ದಂಡೆಯ ಆ ಊರಿಗೆ ಈಗ ಲಿಟಲ್ ಬೋಸ್ಟನ್ ಅನ್ನುತ್ತಾರೆ.

ಇದಿಷ್ಟನ್ನು ಮಗಳಿಗೆ ಹೇಳುತ್ತ ನಿಂತಿದ್ದೆ. ಶಾಲೆಯ ಪ್ರಾಜೆಕ್ಟಿಗೆ ಬೇಕಿತ್ತು, ಬರೆದುಕೊಳ್ಳುತ್ತಿದ್ದಳು. ನಡುವೆ ತಲೆ ಎತ್ತಿ ಕೇಳಿದಳು: "ಪಪ್ಪಾ, ಇವರಿಗೆ ಕಟಿಗಿನರ ಕೊಟ್ರು. ಅಜ್ಜಗ ಏನ್ ಕೊಟ್ರು?"

ನಮ್ಮದು ಬಾಗಲಕೋಟೆ, ಮುಳುಗಡೆ ಬಾಗಲಕೋಟೆ. ಆಲಮಟ್ಟಿ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬಂದು ಹಳೆ ಊರಿನ ಕಿಲ್ಲಾ ಓಣಿಯ ನಮ್ಮ ಮನೆ ಹೋಗಿದ್ದು ಅವಳಿಗೆ ಕತೆಯಾಗಿ ಗೊತ್ತು. ಪರಿಹಾರ, ಪ್ಲಾಟು ಎಂದು ಏನೋ ಹೇಳಿದೆ, ಅವಳಿಗೆ ಸಾಲಲಿಲ್ಲ. ರಾತ್ರಿ ವಿಡಿಯೋ ಕಾಲಿನಲ್ಲಿ ಅಜ್ಜನನ್ನೇ ಕೇಳಿದಳು. ಅಪ್ಪ ತಡಮಾಡಲಿಲ್ಲ. "ನಮಗ ನಂಬರ್ ಕೊಟ್ರವ್ವಾ. ಸೆಕ್ಟರ್ ನಂಬರ್, ಪ್ಲಾಟ್ ನಂಬರ್."

ಕಟ್ಟಿಗೆಯನ್ನು ನಾವೇ ಹೊತ್ತುಕೊಂಡು ಹೋಗಿದ್ದೆವು. ಬಡಿಗೇರರು ಬಂದು ಮಾಳಿಗೆ ಬಿಚ್ಚಿದ್ದು ನನಗೆ ಚೆನ್ನಾಗಿ ನೆನಪಿದೆ. ಮೇಲಿನ ಮಣ್ಣು ಸರಿಸಿ ಮೊದಲು ಜಂತಿ, ಆಮೇಲೆ ತೊಲೆ, ಕೊನೆಗೆ ಪಡಸಾಲೆಯ ಸಾಗವಾನಿ ಕಂಬ. ಓಣಿ ತುಂಬ ಧೂಳು. ಕಟ್ಟಿಗೆ ವ್ಯಾಪಾರಿಗಳು ಟೆಂಪೋ ತಂದು ಕಾಯುತ್ತಿದ್ದರು, ಎಲ್ಲರೂ ಒಮ್ಮೆಲೇ ಮಾರಲು ಬಂದರೆ ರೇಟು ಎಲ್ಲಿ ಸಿಕ್ಕೀತು? ಅಪ್ಪ ತಲಬಾಗಿಲನ್ನೂ ಎರಡು ಕಂಬಗಳನ್ನೂ ಮಾರಲಿಲ್ಲ. ಮುಳುಗಡೆಯವರಿಗೆಂದು ಕಟ್ಟಿದ ನವನಗರದ ಮನೆಗೆ ಸ್ಲ್ಯಾಬ್ ಹಾಕಿದ ಮೇಲೆ ಕಂಬಕ್ಕೆ ಹೊರಲು ಏನೂ ಉಳಿಯಲಿಲ್ಲ. ಹಿತ್ತಲಲ್ಲಿ ಬಿದ್ದವು, ಅವ್ವ ಅದರ ಮೇಲೆ ಹಾಸಿಗೆ ಒಣಗಿಸುತ್ತಿದ್ದಳು. ಬಾಗಿಲನ್ನು ಮಾತ್ರ ಕೂಡಿಸಿದರು. ಹಳೆಯ ಗಿಡ್ಡ ಬಾಗಿಲು, ಬಂದವರೆಲ್ಲ ಇವತ್ತಿಗೂ ಹಣೆ ಬಡಿಸಿಕೊಳ್ಳುತ್ತಾರೆ.

ಆಲಮಟ್ಟಿಯಿಂದ ವಿಜಯಪುರದ ಒಣ ಹೊಲಗಳಿಗೆ ನೀರು ಹರಿದದ್ದು ಸುಳ್ಳಲ್ಲ, ಅಪ್ಪನೂ ಅದನ್ನು ಒಪ್ಪುತ್ತಾನೆ. ನವನಗರದ ರಸ್ತೆಗಳೂ ಅಗಲವಾಗಿವೆ. ಆದರೆ ಹೋಳಿ ಬಣ್ಣಕ್ಕೆ ಎಲ್ಲರೂ ಹಳೆ ಊರಿಗೇ ಇಳಿಯುತ್ತಾರೆ. ಕಿಲ್ಲಾದ ಬಂಡಿ, ಹೊಸಪೇಟೆಯ ಬಂಡಿ, ಜೈನಪೇಟೆಯ ಬಂಡಿ ಬಣ್ಣದ ಬ್ಯಾರಲ್ ಹೊತ್ತು ಹೊರಡುತ್ತವೆ. ಸೆಕ್ಟರ್ ನಂಬರಿನ ಬಂಡಿಯನ್ನು ನಾನಂತೂ ಕಂಡಿಲ್ಲ.

ನನಗೆ ಕಸಿವಿಸಿಯಾದದ್ದು ಇನ್ನೊಂದು ಕಾರಣಕ್ಕೆ. ಮೇನ್‌ನಿಂದ ಬಂದವರು ದುಡಿಮೆ ಹುಡುಕಿಕೊಂಡು ತಾವಾಗಿಯೇ ಬಂದವರು, ನನ್ನ ಹಾಗೆ. ಅವರಿಗೆ ತಮ್ಮ ಊರಿನಂಥದೇ ಊರು ಸಿಕ್ಕಿತು. ನನಗೂ ಇಲ್ಲಿ ಕನ್ನಡ ಸಂಘ ಇದೆ, ಯುಗಾದಿ ಇದೆ, ಅಂಗಡಿಯಲ್ಲಿ ಜೋಳದ ಹಿಟ್ಟು ಇದೆ. ಊರು ಬಿಟ್ಟ ಸಂಕಟವನ್ನು ಮೈಕು ಹಿಡಿದು ಹೇಳಿಕೊಳ್ಳುವವರೂ ನಾವೇ. ಅಪ್ಪ ಹೋದದ್ದು ಬರೀ ನಾಲ್ಕಾರು ಕಿಲೋಮೀಟರ್. ಊರು ನೆನಪಾಗುತ್ತದೆ ಅಂತ ಅವನು ಅಂದದ್ದನ್ನು ನಾನು ಕೇಳಿಲ್ಲ. ಅಷ್ಟು ಹತ್ತಿರ ಇದ್ದವನು ಯಾರ ಮುಂದೆ ಹಾಗೆ ಅನ್ನಬೇಕು?

ಈಗ ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಕೆಲಸ ಬಾಕಿ ಇದೆ. ನಮ್ಮ ದೊಡ್ಡಪ್ಪನ ಹೊಲಮನೆ ಅದರಲ್ಲಿ ಹೋಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಎಕರೆಗೆ ನೀರಾವರಿ ಭೂಮಿಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ಅಂದಾಗಿನಿಂದ ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೇರೆ ಮಾತೇ ಇಲ್ಲ. ಮಗಳು ತನ್ನ ಪ್ರಾಜೆಕ್ಟನ್ನು ಅಲ್ಲಿಯೇ ಹಾಕಿದಳು. ಮರುದಿನ ದೊಡ್ಡಪ್ಪನ ಮಗ ಫೋನ್ ಮಾಡಿದ.

"ತಮ್ಮಾ, ಆ ಮಂದೀದು ಕಡೀಕ ಏನಾತು? ಜಾಗಾ ಸಿಕ್ತೋ ಇಲ್ಲೋ?"

1938ರಲ್ಲಿ ಆಚೆ ದಂಡೆಯ ನೆಲ ಅಧಿಕೃತವಾಗಿ ಅವರದಾಯಿತು ಅಂದೆ.

"ಒಪ್ಪಂದ ಯಾವಾಗಿಂದು?"

"1855."

ಅವನು ಆಚೆ ಕಡೆ ಲೆಕ್ಕ ಹಾಕಿದ. "ಅಂದ್ರ ಎಂಬತ್ಮೂರು ವರ್ಷ. ಶಾಸ್ತ್ರಿ ಆಲಮಟ್ಟಿ ಅಡಿಗಲ್ಲು ಹಾಕಿದ್ದು 64ರಾಗ. ಹಂಗಾರ ನಮಗಿನ್ನೂ 2047ರ ಮಟಾ ಟೈಮ್ ಐತಿ ಬಿಡು!"