ಅಜ್ಜನ ಮೊಣಕಾಲು

ತೀರ್ಥಹಳ್ಳಿಯ ಜುಲೈ ಮಳೆಯಲ್ಲಿ ರಟ್ಟು ಅಂಟಿಸಿ ರೋಬೋ ತಲೆ ಮಾಡೋಕೆ ಹೊರಟ ನನಗೆ ಏನನ್ನಬೇಕೋ!

ಮಗಳ ಛದ್ಮವೇಷಕ್ಕೆ. ಒನಕೆ ಓಬವ್ವ ಬೇಡವಂತೆ.

ರಾತ್ರಿ ಅಂಟಿಸಿಟ್ಟದ್ದು ಬೆಳಿಗ್ಗೆ ಮೆತ್ತಗಾದ ಹಪ್ಪಳ. ಬಚ್ಚಲೊಲೆ ಹತ್ತಿರ ಇಟ್ಟು ಒಣಗಿಸಿದೆ. ಈಗ ನಮ್ಮ ರೋಬೋಗೆ ಹೊಗೆ ವಾಸನೆ.

ಕಣ್ಣಿಗೆ ಎರಡು ಎಲ್‌ಇಡಿ, ಎರಡು ಪೆನ್ಸಿಲ್ ಸೆಲ್, ಒಟ್ಟು 3 ವೋಲ್ಟ್. ಒಂದು ಹತ್ತಲೇ ಇಲ್ಲ. ಉದ್ದ ಕಾಲು ಪ್ಲಸ್ಸಿಗೆ ಹೋಗಬೇಕು, ನಾನು ತಿರುಗಾಮುರುಗಾ ಸಿಕ್ಕಿಸಿದ್ದೆ. ಐ.ಟಿ.ಐ. ಓದಿದ್ದು ಯಾರಿಗೂ ಹೇಳಬೇಡಿ.

ತಲೆ ಮೇಲೆ ನಿಲ್ಲದೆ ವಾಲಾಡುತ್ತಿತ್ತು. ಅಮ್ಮ ಕೊಟ್ಟಿಗೆಯ ಗೂಟದಿಂದ ಹಳೇ ಅಡಿಕೆ ಹಾಳೆ ಟೊಪ್ಪಿ ತಂದು, "ಇದನ್ನ ಒಳಗೆ ಕೂರಿಸು ಮಾರಾಯ. ಯಕ್ಷಗಾನದ ಆಟದವರು ಮೊದಲು ಬಟ್ಟೆ ಸುತ್ತಿ ಆಮೇಲಲ್ವಾ ಕಿರೀಟ ಕಟ್ಟೋದು?" ಅಂದರು. ಗಟ್ಟಿಯಾಗಿ ಕೂತಿತು.

ಉಳಿದದ್ದು ಮುಖದ ಮುಂದಿನ ಗಾಜು. ಅದಕ್ಕೆ ಬೀರು ಮೇಲಿದ್ದ ಅಪ್ಪಯ್ಯನ ಎಕ್ಸ್‌ರೇ ಕತ್ತರಿಸಿದೆ. ಮೊಣಕಾಲಿಂದು. ಕತ್ತರಿ ಹಾಕುವಾಗ ಕೈ ಒಂಚೂರು ನಿಂತಿತು, ಸುಳ್ಳು ಹೇಳಲ್ಲ. ಅವರು ಹೋಗಿ ನಾಲ್ಕು ಮಳೆಗಾಲ ಆಯ್ತು.

ಎಕ್ಸ್‌ರೇಯಲ್ಲಿ ಮೂಳೆ ಇರೋ ಜಾಗವೇ ತಿಳಿ, ಸುತ್ತ ಎಲ್ಲ ಕಪ್ಪು. ಹಾಗಾಗಿ ಇವಳಿಗೆ ದಾರಿ ಕಾಣೋದು ಅಜ್ಜನ ಮೂಳೆಯೊಳಗಿಂದ ಮಾತ್ರ.

ಸಂಜೆಯಿಂದ ಜಗಲಿ ತುಂಬಾ ಓಡಾಡ್ತಿದ್ದಾಳೆ. ಉಸಿರಿಗೆ ಒಳಗೆಲ್ಲ ಮಂಜು ಕಟ್ಟುತ್ತೆ. ತೆಗೆದು ಲಂಗದ ತುದಿಯಲ್ಲಿ ಒರೆಸ್ತಾಳೆ, ಮತ್ತೆ ಹಾಕ್ಕೊಳ್ತಾಳೆ.

"ಅಪ್ಪಾ, ಅಜ್ಜನ ಕಾಲಲ್ಲಿ ಒಂದು ಕಪ್ಪು ಬಿರುಕಿದೆ, ಅದರ ಪಕ್ಕದಿಂದ ನೀನು ಕಾಣ್ತೀಯ."